ನಮ್ಮ ಹಿರಿಯರು ಮತ್ತೆ ಚುನಾವಣೆಗೆ ನಿಲ್ಲಬೇಕಾ? ದಾವಣಗೆರೆ, ದುರ್ಗದವರು ಹೇಳಿ

ಅಚ್ಚುಕಟ್ಟಿನ ರೈತ (ಹರಿಹರ ಕಡೆ):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ ಹೇಳಿ.

ಹೋದ ಭಾನುವಾರ ನಾವು ಹನ್ನೊಂದು ಜನ ಎರಡು ಗಾಡಿ ಮಾಡಿಕೊಂಡು ಒಬ್ಬ ಹಿರಿಯರ ಮನೆಗೆ ಹೋಗಿದ್ದೆವು. ಹೆಸರು ಬರೆಯಲ್ಲ, ಅವರೇ ಬೇಡ ಅಂದಿದ್ದಾರೆ. ಗೊತ್ತಾದವರೂ ದಯವಿಟ್ಟು ಬರೆಯಬೇಡಿ. ಎರಡು ಸಲ ಶಾಸಕರಾಗಿದ್ದವರು, ಒಮ್ಮೆ ಮಂತ್ರಿ. ಚುನಾವಣೆ ಬಿಟ್ಟು ಹದಿನೈದು ವರ್ಷದ ಮೇಲಾಯಿತು. ಈಗ ವಯಸ್ಸು 76. ಮಂತ್ರಿಗಿರಿ ಮುಗಿಸಿ ಬಂದಾಗಲೂ ಅದೇ ಹೆಂಚಿನ ಮನೆ, ಅದೇ ಆರು ಎಕರೆ ಗದ್ದೆ. ಅವರ ಬಗ್ಗೆ ಕೆಟ್ಟದಾಗಿ ಮಾತಾಡಿದವರನ್ನು ನಾನು ನಮ್ಮ ಕಡೆ ಕಂಡಿಲ್ಲ.

ನಾವು ಕೇಳಿದ್ದು ಇಷ್ಟು. "ಯಜಮಾನ್ರೇ, 2028ಕ್ಕೆ ನಿಂತುಬಿಡಿ. ಗೆಲ್ಲಿಸೋ ಜವಾಬ್ದಾರಿ ನಮ್ಮದು. ಗೆದ್ದ ಮೇಲೆ ನೀರಾವರಿ ಖಾತೆಯನ್ನೇ ಕೇಳಿ."

ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಒಳಗೆ ಹೋಗಿ ಒಂದು ಕಡತ ತಂದರು. ಕೆಂಪು ದಾರ ಕಟ್ಟಿತ್ತು, ಅಂಚೆಲ್ಲ ಸವೆದಿತ್ತು. ಬಿಚ್ಚಿದರೆ ಒಳಗೆ ಬರೀ ತೂಬಿನ ಲೆಕ್ಕ. ಯಾವ ಉಪನಾಲೆ, ಯಾವ ತೂಬು, ಯಾವ ತಾರೀಕಿಗೆ ನೀರು ಬಂತು, ಎಷ್ಟು ದಿನ ಹರಿಯಿತು. ಎಲ್ಲ ಅವರದೇ ಕೈಬರಹ. ಅಧಿಕಾರ ಹೋದ ಮೇಲಿನ ವರ್ಷಗಳದ್ದೂ ಇತ್ತು. ನನ್ನ ಕಡೆ ತಿರುಗಿ, "ನಿಮ್ಮ ಗದ್ದೆ ಬರೋದು ಈ ತೂಬಿಗೆ ಅಲ್ವಾ? ಆ ವರ್ಷ ಬೇಸಿಗೆ ಬೆಳೆಗೆ ನಿಮಗೆ ಒಂಬತ್ತು ದಿನ ತಡವಾಗಿ ನೀರು ಮುಟ್ಟಿತ್ತು" ಅಂದರು. ನನಗೇ ಮರೆತುಹೋಗಿತ್ತು. ಅವರ ಹಾಳೆಯಲ್ಲಿತ್ತು.

ಆಮೇಲೆ ಹೇಳಿದರು. "ನಾನು ಯಾಕೆ ಬೇಕು ಅಂತ ಬರೆದು ತನ್ನಿ. ಒಳ್ಳೆಯವರು, ದೊಡ್ಡವರು ಅಂತೆಲ್ಲ ಬರೆಯಬೇಡಿ. ಯಾವ ಕೆಲಸಕ್ಕೆ ಬೇಕು ಅಂತ ಬರೀರಿ. ಬೇಡ ಅನ್ನೋರು ಇರ್ತಾರೆ. ಅವರು ಯಾಕೆ ಬೇಡ ಅಂತಾರೆ, ಅದನ್ನೂ ಬರೀರಿ."

ಅದಕ್ಕೇ ಇಲ್ಲಿ ಕೇಳ್ತಿದ್ದೀನಿ. ನನ್ನ ಮನಸ್ಸಲ್ಲಿರೋದು ನೀರಿನ ಜಗಳ. 2025ರಲ್ಲಿ ಭದ್ರಾ ಬಲದಂಡೆ ಕಾಲುವೆ ಸೀಳಿ ಹೊಸದುರ್ಗ, ತರೀಕೆರೆ ಕಡೆಗೆ ಕುಡಿಯುವ ನೀರಿನ ಪೈಪ್ ಹಾಕೋ ವಿಷಯಕ್ಕೆ ದಾವಣಗೆರೆಯಲ್ಲಿ ಎಷ್ಟು ದೊಡ್ಡ ಹೋರಾಟ ಆಯ್ತು, ನಿಮಗೇ ಗೊತ್ತು. ನಾವು ಕೊನೆ ಭಾಗದವರು. ಮೇಲಿನವರು ಬೆಳೆದು ಮಿಕ್ಕಿದ್ದು ನಮಗೆ. ಅತ್ತ ಹೊಸದುರ್ಗದವರೂ ಕುಡಿಯೋ ನೀರು ತಾನೇ ಕೇಳ್ತಿರೋದು? ಎರಡೂ ಕಡೆಯವರನ್ನು ಕೂರಿಸಿ ಮಾತಾಡೋ ಮನುಷ್ಯ ಬೇಕು. ಇವರ ಮಾತನ್ನು ಎರಡೂ ಕಡೆ ಕೇಳ್ತಾರೆ. ನಿಲ್ಲಬೇಕು ಅಂತ ನನ್ನ ಅಭಿಪ್ರಾಯ. ನೀವು ಹೇಳಿ.

ಕೋಟೆ ಹಿಂಬದಿ (ಚಿತ್ರದುರ್ಗ):

ನಿಲ್ಲಲೇಬೇಕು. ಇದರಲ್ಲಿ ಯೋಚನೆ ಮಾಡೋದೇನಿದೆ ಅಣ್ಣಾ?

ಮೊನ್ನೆ ಬೆಂಗಳೂರಿಂದ ಬರ್ತಾ ಸೀಬಾರದ ಹತ್ತಿರ ಗಾಡಿ ನಿಲ್ಲಿಸಿ ಮಗನಿಗೆ ನಿಜಲಿಂಗಪ್ಪನವರ ಸ್ಮಾರಕ ತೋರಿಸಿದೆ. ಅವನಿಗೆ 14 ವರ್ಷ. "ಇವರು ಯಾರು?" ಅಂದ. ಏಕೀಕರಣವಾದ ರಾಜ್ಯದ ಮೊದಲ ಮುಖ್ಯಮಂತ್ರಿ, ನಮ್ಮೂರಲ್ಲೇ ವಕೀಲರಾಗಿದ್ದರು ಅಂದೆ. 1956ರಲ್ಲಿ ಮುಖ್ಯಮಂತ್ರಿ ಆದರು, 1958ರಲ್ಲಿ ಬಿಟ್ಟರು. ಅಲ್ಲಿಗೇ ಮುಗಿಸಿ ಮನೆಯಲ್ಲಿ ಕೂತಿದ್ದರೆ? 1962ರಲ್ಲಿ ಚಿತ್ರದುರ್ಗದಲ್ಲಿ ಸೋತರೂ ಮತ್ತೆ ಬಂದರು, 1968ರವರೆಗೂ ರಾಜ್ಯ ನಡೆಸಿದರು. ಒಳ್ಳೆಯವರು ಎರಡನೇ ಸಲ ಬಂದಾಗಲೇ ಕೆಲಸ ಜಾಸ್ತಿ ಆಗೋದು. ಮೊದಲ ಸಲದ ತಪ್ಪು ಗೊತ್ತಿರುತ್ತೆ.

ನಿವೃತ್ತ ಮೇಷ್ಟ್ರು (ದಾವಣಗೆರೆ):

ತಮ್ಮಾ, ಒಂದು ತಿದ್ದುಪಡಿ. 1962ರಲ್ಲಿ ಅವರು ಸೋತದ್ದು ಹೊಸದುರ್ಗದಲ್ಲಿ. ಆಮೇಲೆ ಬಾಗಲಕೋಟೆಯಿಂದ ಗೆದ್ದು ಬಂದರು.

ನಡುವೆ ಆದದ್ದನ್ನು ಬಿಟ್ಟರೆ ಕಥೆ ಅರ್ಧ ಆಗುತ್ತೆ. ಅವರು ಸೋತಾಗ ಎಸ್.ಆರ್. ಕಂಠಿಯವರು ಮುಖ್ಯಮಂತ್ರಿ ಆದರು. 1962ರ ಮಾರ್ಚ್‌ನಿಂದ ಜೂನ್‌ವರೆಗೆ, ಸುಮಾರು ಮೂರು ತಿಂಗಳು. ನಿಜಲಿಂಗಪ್ಪನವರು ಸದನಕ್ಕೆ ಬರುವ ದಾರಿ ಆದ ಮೇಲೆ ಕುರ್ಚಿ ಬಿಟ್ಟುಕೊಟ್ಟರು. ಒಬ್ಬರು ವಾಪಸ್ ಬರಬೇಕಾದರೆ ಇನ್ನೊಬ್ಬರು ಎದ್ದು ಜಾಗ ಕೊಡಬೇಕು. ಈಗ ನೀವು ಕೇಳ್ತಿರೋ ಹಿರಿಯರಿಗೆ ಯಾರು ಟಿಕೆಟ್ ಬಿಟ್ಟುಕೊಡ್ತಾರೆ? ಗೆದ್ದರೂ ಖಾತೆ ಯಾರು ಬಿಟ್ಟುಕೊಡ್ತಾರೆ? ಇದನ್ನು ಯೋಚಿಸದೆ ಹನ್ನೊಂದು ಜನ ಹೋಗಿ ಕೇಳಿದ್ದು ಆತುರ ಅನಿಸುತ್ತೆ.

ಇನ್ನೊಂದು ಉದಾಹರಣೆ ನನಗೆ ಮರೆಯೋಕೆ ಆಗಲ್ಲ. ವೀರೇಂದ್ರ ಪಾಟೀಲರು 1968ರಿಂದ 1971ರವರೆಗೆ ಮುಖ್ಯಮಂತ್ರಿ. ಹದಿನೆಂಟು ವರ್ಷ ಬಿಟ್ಟು 1989ರ ನವೆಂಬರ್‌ನಲ್ಲಿ ಮತ್ತೆ ಆದರು. 224ರಲ್ಲಿ 178 ಸೀಟು. ಅಷ್ಟು ದೊಡ್ಡ ಗೆಲುವು. ಆಗ ನಾನು ಹೈಸ್ಕೂಲಿನಲ್ಲಿ ಪಾಠ ಮಾಡ್ತಿದ್ದೆ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಖುಷಿ, ಹಳೇ ಕೈ ಬಂತು, ಇನ್ನು ಆಡಳಿತ ನೆಟ್ಟಗಾಗುತ್ತೆ ಅಂತ. ಒಂದು ವರ್ಷ ತುಂಬಲಿಲ್ಲ. 1990ರ ಅಕ್ಟೋಬರ್‌ನಲ್ಲಿ, ಕಾಯಿಲೆ ಬಿದ್ದಿದ್ದಾಗಲೇ ಅವರನ್ನು ಇಳಿಸಿದರು. ಅವರಿಗಿದ್ದ ಗೌರವ ಅವರನ್ನು ಕಾಯಲಿಲ್ಲ. ದೇಹವೂ ಕಾಯಲಿಲ್ಲ. ಆಗ ಅವರಿಗೆ 66. ನಿಮ್ಮ ಹಿರಿಯರಿಗೆ 76.

ನನ್ನ ಮಾತು: ಬೇಡ. ಇದು ಅವರ ಮೇಲಿನ ಪ್ರೀತಿಯಿಂದಲೇ ಹೇಳ್ತಿರೋದು.

ಮಂಡಕ್ಕಿ ಭಟ್ಟಿ (ದಾವಣಗೆರೆ):

ಮೇಷ್ಟ್ರೇ, ನಾನೂ ಬೇಡ ಅಂತೀನಿ, ಆದರೆ ಬೇರೆ ಕಾರಣಕ್ಕೆ. ನನಗೆ 27. ಶಾಸಕ ಆಗೋಕೆ 25 ಸಾಕು ಅಂತ ಸಂವಿಧಾನ ಹೇಳುತ್ತೆ. ನಮ್ಮ ವಾರ್ಡ್‌ನಲ್ಲಿ ಐದು ವರ್ಷದಿಂದ ಚರಂಡಿ, ಬೀದಿದೀಪ, ಕುಡಿಯೋ ನೀರು ಅಂತ ಓಡಾಡ್ತಿದ್ದೀನಿ. ಯಾವ ಪಕ್ಷದವರನ್ನು ಕೇಳಿದರೂ "ಇನ್ನೂ ಚಿಕ್ಕವನು, ಕಾಯಿ" ಅಂತಾರೆ. ಕಾಯ್ತೀನಿ. ಆದರೆ ರಿಟೈರ್ ಆದವರನ್ನೂ ಕರೆದು ತಂದು ಕೂರಿಸಿದರೆ ನಮ್ಮ ಸರದಿ ಯಾವಾಗ?

ಆ ಹಿರಿಯರ ಬಗ್ಗೆ ನನಗೆ ಗೌರವ ಇದೆ. ನಮ್ಮಪ್ಪ ಅವರ ಹೆಸರು ಹೇಳಿದಾಗ ಕೂತಲ್ಲಿಂದ ಎದ್ದು ನಿಲ್ತಾರೆ.

ಚನ್ನಗಿರಿ ಅಡಿಕೆ:

ಗೌರವ ಬೇರೆ, ಓಟು ಬೇರೆ. ಇದನ್ನು ನಮ್ಮ ತಾಲೂಕಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಜೆ.ಎಚ್. ಪಟೇಲರು ನಮ್ಮ ಕಾರಿಗನೂರಿನವರು. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲೇ ಮಾತಾಡಿದವರು. ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹೋದವರು. 1996ರಲ್ಲಿ ಮುಖ್ಯಮಂತ್ರಿ ಆದರು, ಮರುವರ್ಷ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆಯ್ತು. ನಾವು ಶಿವಮೊಗ್ಗ ಜಿಲ್ಲೆಯಿಂದ ಇತ್ತ ಬಂದೆವು. ಅಂಥವರು 1999ರಲ್ಲಿ ಚನ್ನಗಿರಿಯಲ್ಲೇ ಸೋತರು. ನನಗೆ ಆಗ 22. ಎಣಿಕೆ ದಿನ ನಮ್ಮ ಮನೆಯಲ್ಲಿ ಅಜ್ಜ ರೇಡಿಯೋ ಆಫ್ ಮಾಡಿ ತೋಟಕ್ಕೆ ಹೋದವರು ಕತ್ತಲಾದ ಮೇಲೆ ಬಂದರು. ಮರುವರ್ಷ ಡಿಸೆಂಬರ್‌ನಲ್ಲಿ ಪಟೇಲರು ತೀರಿಕೊಂಡರು. ಸೋಲಿಸಿದವರು ನಾವೇ, ಅತ್ತವರೂ ನಾವೇ.

ಅಚ್ಚುಕಟ್ಟಿನ ರೈತ ಅಣ್ಣಾ, "ಗೆಲ್ಲಿಸೋ ಜವಾಬ್ದಾರಿ ನಮ್ಮದು" ಅಂತ ಹೇಳಿ ಬಂದಿದ್ದೀರಲ್ಲ, ಆ ಮಾತು ನನಗೆ ಭಯ ತರುತ್ತೆ. ಹನ್ನೊಂದು ಜನ ಹೇಗೆ ಜವಾಬ್ದಾರಿ ತಗೋತೀರಿ? ಈ ವಯಸ್ಸಿನಲ್ಲಿ ಸೋತರೆ ಅವರಿಗೆ ಏನು ಅನಿಸಬೇಡ?

ಅಚ್ಚುಕಟ್ಟಿನ ರೈತ:

ಚನ್ನಗಿರಿಯವರೇ, ನೀವು ಹೇಳಿದ್ದು ಸರಿ. ಆ ಮಾತು ಆಡಬಾರದಿತ್ತು. ಅಲ್ಲಿ ಕೂತಾಗ ಉಮೇದಿನಲ್ಲಿ ಬಂದುಬಿಡ್ತು. ನಾನು ವಾಪಸ್ ತಗೋತೀನಿ, ಅವರ ಮುಂದೆಯೂ ಹೇಳ್ತೀನಿ.

ಹೊಳಲ್ಕೆರೆ ಸೊಸೆ:

ನಾನು ಒಂದು ಅವಧಿ ಗ್ರಾಮ ಪಂಚಾಯಿತಿ ಸದಸ್ಯೆ ಆಗಿದ್ದೆ. ನೀವೆಲ್ಲ ಸೀಟು, ಖಾತೆ ಅಂತಿದ್ದೀರಿ. ನಾನು ಮನೆ ಬಗ್ಗೆ ಕೇಳ್ತೀನಿ. ಅವರ ಹೆಂಡತಿಯನ್ನು ಯಾರಾದರೂ ಕೇಳಿದಿರಾ?

ಹನ್ನೊಂದು ಜನ ಹೋಗಿದ್ದೀರಿ, ಕಾಫಿ ಮಾಡಿಕೊಟ್ಟವರು ಯಾರು? ಅವರಿಗೂ ಎಪ್ಪತ್ತು ದಾಟಿರಬೇಕು. ರಾಜಕಾರಣಿ ಮನೆ ಅಂದರೆ ಬೆಳಗ್ಗೆ ಆರಕ್ಕೆ ಜಗಲಿ ತುಂಬಿರುತ್ತೆ. ಯಾರದ್ದೋ ವರ್ಗಾವಣೆ, ಯಾರದ್ದೋ ಪೋಲಿಸ್ ಕೇಸು, ಯಾರದ್ದೋ ಆಸ್ಪತ್ರೆ. ಬಂದವರನ್ನು ಬರಿಗೈಲಿ ಕಳಿಸೋ ಹಾಗಿಲ್ಲ. ನಾನು ಬರೀ ಪಂಚಾಯಿತಿ ಸದಸ್ಯೆ, ಅಷ್ಟಕ್ಕೇ ನಮ್ಮ ಮನೆಯಲ್ಲಿ ಐದು ವರ್ಷ ಒಂದು ದಿನವೂ ನೆಮ್ಮದಿಯಾಗಿ ಊಟ ಮಾಡಿದ ನೆನಪಿಲ್ಲ. ಶಾಸಕರ ಮನೆ ಹೇಗಿರುತ್ತೆ ಊಹಿಸಿ.

ಆ ಹಿರಿಯರನ್ನು ನಾನು ಒಮ್ಮೆ ಹತ್ತಿರದಿಂದ ನೋಡಿದ್ದೀನಿ. ನಮ್ಮ ಊರಲ್ಲಿ ಅಣ್ಣತಮ್ಮಂದಿರ ನಡುವೆ ಬೋರ್‌ವೆಲ್ ಜಗಳ. ಕೋರ್ಟಿಗೆ ಹೋಗೋದಿತ್ತು. ಯಾರೋ ಇವರನ್ನು ಕರೆಸಿದರು. ಬಂದವರು ಮಾತೇ ಆಡಲಿಲ್ಲ. ಇಬ್ಬರನ್ನೂ ಕರಕೊಂಡು ಬೋರ್‌ವೆಲ್ ಹತ್ತಿರ ಹೋಗಿ, ಮೋಟಾರ್ ಹಾಕಿಸಿ, ನೀರು ನಿಲ್ಲೋವರೆಗೂ ಅಲ್ಲೇ ಬದುವಿನ ಮೇಲೆ ಕೂತರು. ನಲವತ್ತು ನಿಮಿಷಕ್ಕೆ ನೀರು ನಿಂತಿತು. "ಇಷ್ಟಕ್ಕಾ?" ಅಂದರು. ದೊಡ್ಡವನು ಮುಖ ಕೆಳಗೆ ಹಾಕಿದ. ಅಲ್ಲೇ ದಿನ ಬಿಟ್ಟು ದಿನ ಅಂತ ಹಂಚಿಕೊಂಡರು. ಇವತ್ತಿಗೂ ಹಾಗೇ ನಡೀತಿದೆ.

ಆ ಕೆಲಸಕ್ಕೆ ಅವರಿಗೆ ಶಾಸಕ ಸ್ಥಾನ ಬೇಕಾಗಿರಲಿಲ್ಲ. ಅದನ್ನೇ ನಾನು ಹೇಳೋದು.

ಕೋಟೆ ಹಿಂಬದಿ:

ಅಕ್ಕಾ, ಬೋರ್‌ವೆಲ್ ಜಗಳ ಬದುವಿನ ಮೇಲೆ ಕೂತು ಬಿಡಿಸಬಹುದು. ಭದ್ರಾ ಮೇಲ್ದಂಡೆ ಯೋಜನೆ, ಅಂದರೆ ನಮ್ಮ ಬರದ ಜಿಲ್ಲೆಗಳಿಗೆ ನೀರು ತರೋ ಕೆಲಸ, ಹಾಗೆ ಬಿಡಿಸೋಕಾಗಲ್ಲ. ತುಂಗಾದಿಂದ ಎತ್ತಿ ಭದ್ರೆಗೆ ತರೋದು 17.4 ಟಿಎಂಸಿ, ಭದ್ರೆಯದು 12.5, ಒಟ್ಟು 29.9 ಟಿಎಂಸಿ. ನಾಲ್ಕು ಜಿಲ್ಲೆ, 2.25 ಲಕ್ಷ ಹೆಕ್ಟೇರ್. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಅಂತ ಘೋಷಣೆ ಮಾಡಿದರು. ಅವತ್ತು ದುರ್ಗದಲ್ಲಿ ಸಿಹಿ ಹಂಚಿದವರಲ್ಲಿ ನಾನೂ ಒಬ್ಬ. ಆ ದುಡ್ಡಿಗೆ ಬೆಂಗಳೂರು, ದೆಹಲಿ ಎರಡೂ ಕಡೆ ಕೂತು ಕೇಳಬೇಕು. ಫೈಲ್ ಎಲ್ಲಿ ನಿಂತಿದೆ ಅಂತ ಗೊತ್ತಿರಬೇಕು. ಅಧಿಕಾರಿ ಹೇಳಿದ್ದಕ್ಕೆಲ್ಲ ತಲೆ ಆಡಿಸದೆ "ಈ ಲೆಕ್ಕ ತಪ್ಪು" ಅನ್ನೋ ಧೈರ್ಯ ಬೇಕು. ತೂಬಿನ ಲೆಕ್ಕ ಬರೆದಿಟ್ಟವರಿಗೆ ಅದು ಬರುತ್ತೆ. ಆದರೆ ಕುರ್ಚಿ ಇಲ್ಲದಿದ್ದರೆ ಒಳಗೆ ಯಾರು ಬಿಡ್ತಾರೆ?

ನಮ್ಮ ವಾಣಿವಿಲಾಸ ಸಾಗರ, ಅದೇ ಮಾರಿಕಣಿವೆ ಡ್ಯಾಂ, 1933ರಲ್ಲಿ ತುಂಬಿದ್ದು, ಮತ್ತೆ ತುಂಬಿದ್ದು 2022ರಲ್ಲಿ. 89 ವರ್ಷ. ನಮ್ಮಜ್ಜ ಕೋಡಿ ಬಿದ್ದಿದ್ದು ನೋಡಿದ್ದರಂತೆ, ಅಪ್ಪ ನೋಡದೇ ಹೋದರು. ನಾನು ಮಾರಿಕಣಿವೆಗೆ ಹೋಗಿ ಕೋಡಿ ನೋಡಿ ಅಲ್ಲೇ ಕಣ್ಣೀರು ಹಾಕಿದೆ. ಮಳೆ ಚೆನ್ನಾಗಿತ್ತು ನಿಜ. ಜೊತೆಗೆ ಅಜ್ಜಂಪುರದ ಸುರಂಗದಿಂದ ಭದ್ರಾ ನೀರು ಬರೋಕೆ ಶುರುವಾಗಿತ್ತು. ಯಾರೋ ಪಟ್ಟು ಹಿಡಿದು ಕೆಲಸ ಮಾಡಿಸಿದ್ದಕ್ಕೇ ಆ ಸುರಂಗ ಆಗಿದ್ದು.

ಲೆಕ್ಕದವನು (ದಾವಣಗೆರೆ):

ದುಡ್ಡಿನ ಮಾತು ಯಾರೂ ಎತ್ತಿಲ್ಲ, ನಾನು ಎತ್ತುತ್ತೀನಿ. ನಮ್ಮಲ್ಲಿ ವಿಧಾನಸಭೆ ಅಭ್ಯರ್ಥಿಗೆ ಖರ್ಚಿನ ಮಿತಿ 40 ಲಕ್ಷ. ಠೇವಣಿ 10,000. ಚಲಾವಣೆಯಾದ ಓಟಿನಲ್ಲಿ ಆರನೇ ಒಂದು ಭಾಗ ಬರದಿದ್ದರೆ ಠೇವಣಿ ಹೋಗುತ್ತೆ. ಇದು ಕಾನೂನು. ನಿಜವಾಗಿ ಎಷ್ಟು ಖರ್ಚಾಗುತ್ತೆ ಅಂತ ಇಲ್ಲಿ ಎಲ್ಲರಿಗೂ ಗೊತ್ತು, ಬರೆಯೋದು ಬೇಡ.

ಆರು ಎಕರೆ ಗದ್ದೆ ಇರೋ ಮನುಷ್ಯ 40 ಲಕ್ಷವಾದರೂ ಎಲ್ಲಿಂದ ತರಬೇಕು? ಪಕ್ಷ ಕೊಟ್ಟರೆ ಪಕ್ಷದ ಮಾತು ಕೇಳಬೇಕು. ಗುತ್ತಿಗೆದಾರರು ಕೊಟ್ಟರೆ ಅವರ ಮಾತು ಕೇಳಬೇಕು. ಆಮೇಲೆ ಅವರಲ್ಲಿ ನೀವು ನೋಡ್ತಿರೋ ಗುಣ ಉಳಿಯುತ್ತಾ? ನಿಲ್ಲಲಿ ಅನ್ನೋರು ಮೊದಲು ತಮ್ಮ ಜೇಬಿಂದ ಎಷ್ಟು ಅಂತ ಹೇಳಲಿ. ನಾನು ನಿಲ್ಲಲಿ ಅನ್ನೋ ಕಡೆ ಇದ್ದೀನಿ, ನನ್ನದು 5,000. ಚೆಕ್ ಮೂಲಕ, ರಸೀದಿ ಬೇಕು.

ಮಂಡಕ್ಕಿ ಭಟ್ಟಿ:

ಲೆಕ್ಕದವರೇ, ಇದು ಸರಿಯಾದ ಮಾತು. ಅವರಿಗೆ ದುಡ್ಡು ಕೂಡಿಸೋ ಜನ ನನಗೂ ಕೂಡಿಸ್ತೀರಾ ಅಂತ ಕೇಳೋಣ ಅನಿಸಿತು, ಕೇಳೇ ಬಿಡ್ತೀನಿ. ಕಾರ್ಪೊರೇಷನ್‌ಗೆ ನಿಂತರೆ?

ಬೆಂಗಳೂರಲ್ಲಿರೋ ದುರ್ಗದವಳು:

ವಯಸ್ಸಿನ ಬಗ್ಗೆ ಮೇಷ್ಟ್ರು ಹೇಳಿದ್ದಕ್ಕೆ ನನ್ನದೊಂದು ಉತ್ತರ. ಸಂವಿಧಾನದಲ್ಲಿ ಇಷ್ಟು ವಯಸ್ಸಾದ ಮೇಲೆ ನಿಲ್ಲಬಾರದು ಅಂತ ಎಲ್ಲೂ ಇಲ್ಲ. ಮೊರಾರ್ಜಿ ದೇಸಾಯಿ 1977ರಲ್ಲಿ ಪ್ರಧಾನಿ ಆದಾಗ 81. ಎಸ್.ಎಂ. ಕೃಷ್ಣ ರಾಜ್ಯಪಾಲರಾಗಿ ಹೋಗಿ, 2008ರಲ್ಲಿ ಅದನ್ನು ಬಿಟ್ಟು ಬಂದು, 2009ರಲ್ಲಿ 77ನೇ ವಯಸ್ಸಿಗೆ ವಿದೇಶಾಂಗ ಮಂತ್ರಿ ಆದರು. ದೇವೇಗೌಡರಂತೂ 1989ರಲ್ಲಿ ಸೋತರು, 1996ರಲ್ಲಿ ಪ್ರಧಾನಿ ಆದರು. 1999ರಲ್ಲಿ ಹಾಸನದಲ್ಲಿ ಸೋತರು, 2002ರಲ್ಲಿ ಕನಕಪುರದಲ್ಲಿ ಗೆದ್ದರು. 2019ರಲ್ಲಿ ತುಮಕೂರಿನಲ್ಲಿ ಸೋತರು, ಮರುವರ್ಷ 87ನೇ ವಯಸ್ಸಿಗೆ ರಾಜ್ಯಸಭೆಗೆ ಹೋದರು. ಅಂಥ ಜೀವ ಕೆಲವರದು. ದಾವಣಗೆರೆಯವರಿಗೆ ಶಾಮನೂರು ಶಿವಶಂಕರಪ್ಪನವರ ವಿಷಯ ನಾನು ಹೇಳಬೇಕಾ? 2023ರಲ್ಲಿ ತೊಂಬತ್ತು ದಾಟಿದ ಮೇಲೆ ದಾವಣಗೆರೆ ದಕ್ಷಿಣ ಕ್ಷೇತ್ರದಿಂದ ಗೆದ್ದರು.

ಆದರೆ ಶಾಸಕ ಸ್ಥಾನವೇ ಯಾಕೆ? ವಿಧಾನ ಪರಿಷತ್ತಿನಲ್ಲಿ 75 ಸ್ಥಾನ ಇದೆ. ಅದರಲ್ಲಿ 25 ಶಾಸಕರೇ ಆರಿಸೋದು, 11 ನಾಮಕರಣ. ಊರೂರು ಸುತ್ತಬೇಕಿಲ್ಲ, 40 ಲಕ್ಷ ಬೇಕಿಲ್ಲ. ಪರಿಷತ್ತಿನಿಂದಲೂ ಮಂತ್ರಿ ಆಗಬಹುದು. ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿ ಸ್ಥಾನದಿಂದ 1956ರಲ್ಲಿ ಇಳಿದವರು ಮತ್ತೆ ಆ ಕುರ್ಚಿಗೆ ಬರಲಿಲ್ಲ. ದೆಹಲಿಗೆ ಹೋದರು, 1971ರಲ್ಲಿ ರೈಲ್ವೆ ಮಂತ್ರಿ ಆದರು. ಬಿಟ್ಟ ಜಾಗಕ್ಕೇ ಬರಬೇಕು ಅಂತೇನಿಲ್ಲ.

ರೈಲು ಅಂದ ಕೂಡಲೇ ಹೊಟ್ಟೆ ಉರಿಯುತ್ತೆ. ಬೆಂಗಳೂರಿಂದ ದುರ್ಗಕ್ಕೆ ಬಸ್ಸಲ್ಲಿ 200 ಕಿಲೋಮೀಟರ್ ಆಸುಪಾಸು. ರೈಲಲ್ಲಿ ಹೋದರೆ ಅರಸೀಕೆರೆ, ಬೀರೂರು, ಚಿಕ್ಕಜಾಜೂರು ಅಂತ ಸುತ್ತು. ತುಮಕೂರು, ಸಿರಾ, ಹಿರಿಯೂರು, ದುರ್ಗದ ಮೇಲೆ ದಾವಣಗೆರೆಗೆ ನೇರ ರೈಲು ಅಂತ ನಾನು ಕಾಲೇಜಲ್ಲಿದ್ದಾಗಿಂದ ಕೇಳ್ತಿದ್ದೀನಿ. ಈಗ ನನ್ನ ಮಗಳು ಕಾಲೇಜಿಗೆ ಬಂದಳು. ನಿಮ್ಮ ಹಿರಿಯರು ಯಾವ ಸದನಕ್ಕೆ ಹೋದರೂ ಇದನ್ನೂ ಆ ಪಟ್ಟಿಗೆ ಸೇರಿಸಿ.

ನಿವೃತ್ತ ಮೇಷ್ಟ್ರು:

ಅಮ್ಮಾ, ನೀನು ಕೊಟ್ಟ ಹೆಸರುಗಳು ಸರಿ. ಆದರೆ ಅವರು ಯಾರೂ ರಾಜಕೀಯ ಬಿಟ್ಟು ಗದ್ದೆಗೆ ಹೋದವರಲ್ಲ. ಸೋತ ದಿನವೂ ರಾಜಕೀಯದಲ್ಲೇ ಇದ್ದರು. ಈ ಹಿರಿಯರು ಬಿಟ್ಟು ಹದಿನೈದು ವರ್ಷ. ಆಗ ನಮ್ಮ ಕಡೆ ಕೈಕೈಗೆ ವಾಟ್ಸಾಪ್ ಬಂದಿರಲಿಲ್ಲ, ಈಗಿನ ಅಧಿಕಾರಿಗಳು ಆಗ ಕೆಲಸಕ್ಕೇ ಸೇರಿರಲಿಲ್ಲ. ಪರಿಷತ್ತಿನ ಸಲಹೆ ಮಾತ್ರ ನನಗೆ ಒಪ್ಪಿಗೆ. ಅದನ್ನು ಬರೆಯಿರಿ.

ಮಂಡಕ್ಕಿ ಭಟ್ಟಿಯವನಿಗೆ: ನೀನು ಕೇಳಿದ್ದರಲ್ಲಿ ತಪ್ಪಿಲ್ಲ. ಕಾರ್ಪೊರೇಷನ್‌ಗೆ ನಿಲ್ಲು, ನನ್ನ ಪಿಂಚಣಿಯಿಂದ 2,000 ಕೊಡ್ತೀನಿ. ಆದರೆ ಒಂದು ಷರತ್ತು. ಆ ಹಿರಿಯರ ಕಡತ ಹೋಗಿ ಓದು.

ಅವರ ಊರಿನವನು:

ಇಷ್ಟು ದಿನ ಓದ್ತಾ ಸುಮ್ನಿದ್ದೆ. ನಾನು ಅದೇ ಊರಿನವನು, ಅವರ ಗದ್ದೆಗೆ ಹೊಂದಿಕೊಂಡೇ ನಮ್ಮದು. ಗೊತ್ತಿರೋದನ್ನು ಇದ್ದ ಹಾಗೆ ಹೇಳ್ತೀನಿ.

ಬೆಳಗ್ಗೆ ಐದೂವರೆಗೆ ಕಾಲುವೆ ಏರಿ ಮೇಲೆ ನಡೀತಾರೆ. ಮೊದಲು ಒಂದು ಗಂಟೆ, ಈಗ ಅರ್ಧ ಗಂಟೆ. ಬಲ ಮೊಣಕಾಲು ನೋವು, ಕೋಲು ಹಿಡಿದಿದ್ದಾರೆ. ಎಡಗಿವಿ ಸರಿಯಾಗಿ ಕೇಳಲ್ಲ, ಮಾತಾಡೋರು ಬಲಗಡೆ ಕೂರಬೇಕು. ತಲೆ ಮಾತ್ರ ಚಾಕು ಇದ್ದ ಹಾಗೆ. ನೀರುಗಂಟಿ (ಕಾಲುವೆ ನೀರು ಬಿಡೋನು) ಬಂದರೆ ಗೇಜ್, ಅಂದರೆ ಕಾಲುವೆಯ ನೀರಿನ ಮಟ್ಟ, ಎಷ್ಟಿತ್ತು ಅಂತಲೇ ಮೊದಲ ಮಾತು. ಆನ್ ಆಂಡ್ ಆಫ್ ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಬಿಡೋವಾಗ ಮೇಲ್ಭಾಗದಲ್ಲಿ ಎಷ್ಟು ಪಂಪ್‌ಸೆಟ್ ಕಾಲುವೆಗೇ ಪೈಪ್ ಬಿಟ್ಟಿವೆ ಅಂತ ಹಳ್ಳಿಹಳ್ಳಿ ಲೆಕ್ಕ ಇಟ್ಟಿದ್ದಾರೆ.

ಹೊಳಲ್ಕೆರೆ ಅಕ್ಕ ಕೇಳಿದ್ದಕ್ಕೆ ಉತ್ತರ. ಅಮ್ಮನವರಿಗೆ ಕಣ್ಣಿನ ಆಪರೇಷನ್ ಆಗಬೇಕು. ನೀವೆಲ್ಲ ಹೋದ ದಿನ ಸಾಯಂಕಾಲ ನಾನು ಹಾಲು ಕೊಡೋಕೆ ಹೋಗಿದ್ದೆ. ಅಮ್ಮ ಲೋಟ ತೊಳೀತಾ ಹೇಳಿದರು: "ಅವರು ಹೋದರೆ ನಾನು ತಡೆಯಲ್ಲಪ್ಪಾ. ಮನೆಯಲ್ಲಿ ಕೂತು ಪೇಪರ್ ನೋಡ್ತಾ ನೀರಿನ ಸುದ್ದಿ ಬಂದಾಗ ಚಡಪಡಿಸ್ತಾರಲ್ಲ, ಅದನ್ನು ನೋಡೋಕಾಗಲ್ಲ." ಹೇಳಬಹುದಾ ಅಂತ ಅಮ್ಮನನ್ನು ಕೇಳಿಯೇ ಇಲ್ಲಿ ಬರೆದಿದ್ದೀನಿ.

ಬೇಕು, ಬೇಡ ಅಂತ ನಾನು ಹೇಳಲ್ಲ. ಅಷ್ಟು ಹತ್ತಿರದವನಿಗೆ ಹೇಳೋಕೆ ಕಷ್ಟ.

ಹೊಳಲ್ಕೆರೆ ಸೊಸೆ:

ಇದನ್ನು ಬರೆದಿದ್ದಕ್ಕೆ ತುಂಬಾ ಉಪಕಾರ ತಮ್ಮಾ. ಅಮ್ಮನವರ ಮಾತು ಕೇಳಿದ ಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಬದಲಾಯಿತು. ನಮ್ಮತ್ತೆಗೆ 84. 2023ರಲ್ಲಿ 80 ದಾಟಿದವರಿಗೆ ಮನೆಯಲ್ಲೇ ಓಟು ಅಂತ ಅಧಿಕಾರಿಗಳು ಪೆಟ್ಟಿಗೆ ತಂದಾಗ, ಅತ್ತೆ ಹೊಸ ಸೀರೆ ಉಟ್ಟು ಕೂತಿದ್ದರು. "ನನ್ನನ್ನೂ ಕೇಳೋಕೆ ಬಂದರಲ್ಲ" ಅಂದರು. ವಯಸ್ಸಾದವರನ್ನು ಕೇಳೋದು ಬಿಟ್ಟರೆ ಅವರು ಒಳಗೊಳಗೇ ಕುಗ್ಗಿಹೋಗ್ತಾರೆ. ಆದರೆ ಕೇಳಿದ ಮೇಲೆ, ಆಗಲ್ಲ ಅನ್ನೋ ದಾರಿಯನ್ನೂ ಅವರಿಗೆ ಬಿಡಿ. ನೀವು ಒತ್ತಾಯ ಮಾಡಿದರೆ ಅಂಥವರು ನಿಮ್ಮ ಮನಸ್ಸು ನೋಯಬಾರದು ಅಂತಲೇ ಒಪ್ಪಿಬಿಡ್ತಾರೆ.

ಅಚ್ಚುಕಟ್ಟಿನ ರೈತ:

ಎಲ್ಲರದ್ದೂ ಎರಡೆರಡು ಸಲ ಓದಿದೆ. ನಿನ್ನೆ ರಾತ್ರಿ ಕೂತು ಬರೆದೆವು. ನಾಲ್ಕು ಪುಟ ಆಯ್ತು. ಮೇಷ್ಟ್ರು ಹೇಳಿದ ವೀರೇಂದ್ರ ಪಾಟೀಲರ ವಿಷಯ, ಚನ್ನಗಿರಿಯವರು ಹೇಳಿದ 1999ರ ಸೋಲು, ಮಂಡಕ್ಕಿ ಭಟ್ಟಿಯವನ ಪ್ರಶ್ನೆ, ದುಡ್ಡು, ಪರಿಷತ್ತು, ರೈಲು, ಎಲ್ಲ ಇದೆ. ಯಾಕೆ ಬೇಕು ಅನ್ನೋ ಜಾಗದಲ್ಲಿ ಮೊದಲು ನಾನು ಹತ್ತು ಸಾಲು ಬರೆದಿದ್ದೆ. ಪ್ರಾಮಾಣಿಕರು, ಸರಳರು ಅಂತೆಲ್ಲ. ಅವರ ಮಾತು ನೆನಪಾಗಿ ಎಲ್ಲ ಹೊಡೆದುಹಾಕಿದೆ. ಕೊನೆಗೆ ಉಳಿದದ್ದು: ಬಲದಂಡೆಯ ಕೊನೆ ಭಾಗಕ್ಕೆ ನೀರು ಮುಟ್ಟಬೇಕು, ಹೊಸದುರ್ಗದವರಿಗೆ ಕುಡಿಯೋಕೆ ಸಿಗಬೇಕು, ಈ ಎರಡನ್ನೂ ಒಂದೇ ಕಾಗದದ ಮೇಲೆ ತರಬೇಕು. ಐದು ವರ್ಷ ಸಾಕು. ಅಷ್ಟರಲ್ಲಿ ಒಬ್ಬಿಬ್ಬರನ್ನು ತಯಾರು ಮಾಡಬೇಕು.

ಇವತ್ತು ಬೆಳಗ್ಗೆ ಮೂರೇ ಜನ ಹೋದೆವು. ನಾನು ಬಲಗಡೆ ಕೂತೆ. ಗೆಲ್ಲಿಸ್ತೀವಿ ಅಂದಿದ್ದು ತಪ್ಪಾಯ್ತು ಅಂತ ಮೊದಲು ಹೇಳಿದೆ. ಅವರು ಕೈ ಆಡಿಸಿ, ಓದಿ ಅಂದರು. ಓದಿದೆ. ಮಂಡಕ್ಕಿ ಭಟ್ಟಿಯವನು ಬರೆದದ್ದನ್ನು ಎರಡು ಸಲ ಓದಿಸಿದರು. "ಈ ಹುಡುಗ ಯಾರು?" ಅಂದರು. ಗೊತ್ತಿಲ್ಲ ಅಂದೆ.

ಆಮೇಲೆ ತುಂಬಾ ಹೊತ್ತು ಸುಮ್ಮನಿದ್ದರು. ಅಮ್ಮ ಒಳಗಿಂದ ಬಂದು ಬಾಗಿಲ ಹತ್ತಿರ ನಿಂತರು. ಅವರು ಹೇಳಿದ್ದನ್ನು ನೆನಪಿದ್ದಷ್ಟು ಹಾಗೇ ಬರೀತೀನಿ:

"ನಿಲ್ಲೋದು ಬಿಡೋದು ಆಮೇಲೆ. ನಾನು ಬಂದರೆ ಎರಡೂ ಕಡೆಯವರು ಕೂತು ಮಾತಾಡ್ತಾರೆ ಅಂತ ಬರೆದಿದ್ದೀರಿ. ಹೌದೋ ಅಲ್ಲವೋ ನೋಡೋಣ. ಹೊಸದುರ್ಗದಿಂದ ಐದು ಜನ, ನಿಮ್ಮ ಕೊನೆ ಭಾಗದಿಂದ ಐದು ಜನ ಬರಲಿ. ಪಕ್ಷದ ಶಾಲು ಹಾಕಿಕೊಂಡು ಬರೋದು ಬೇಡ. ಕಡತ ನಾನು ಬಿಚ್ಚಿಡ್ತೀನಿ. ಬಂದರೆ ಮುಂದಿನ ಮಾತು. ಬರದೇ ಇದ್ದರೆ ನಾನು ಮಂತ್ರಿ ಆಗಿ ಏನು ಮಾಡಲಿ?"

ಮುಂದಿನ ಭಾನುವಾರ, ಬೆಳಗ್ಗೆ ಹತ್ತಕ್ಕೆ, ಅವರ ಮನೆಯಲ್ಲೇ. ಅದರ ಮರುವಾರ ಅಮ್ಮನವರ ಆಪರೇಷನ್, ಹಾಗಾಗಿ ದಿನ ಬದಲಾಯಿಸೋಕಾಗಲ್ಲ. ನಮ್ಮ ಕಡೆಯ ಐದು ಜನ ಆಗಿದ್ದೇವೆ. ಹೊಸದುರ್ಗದವರು ಬೇಕು. ಅಡುಗೆ ನಾವೇ ತರ್ತೀವಿ, ಅಮ್ಮನವರಿಗೆ ಕೆಲಸ ಹಚ್ಚೋದು ಬೇಡ.

ಕೋಟೆ ಹಿಂಬದಿ:

ನಮ್ಮಕ್ಕನನ್ನು ಕೊಟ್ಟಿರೋದು ಹೊಸದುರ್ಗ ತಾಲೂಕಿಗೇ. ಭಾವನಿಗೆ ಈಗಲೇ ಫೋನ್ ಮಾಡಿದೆ. ಅವರು ಬರ್ತಾರೆ, ಪಕ್ಕದ ಊರಿನ ಇಬ್ಬರನ್ನು ಕರೀತಾರೆ. ಮೂರಾಯ್ತು.

ಹೊಳಲ್ಕೆರೆ ಸೊಸೆ:

ಹೊಸದುರ್ಗದಲ್ಲಿ ಪಂಚಾಯಿತಿ ಅಧ್ಯಕ್ಷೆ ಆಗಿದ್ದ ಗೆಳತಿ ಇದ್ದಾಳೆ. ದಿನಾ ಟ್ಯಾಂಕರ್ ಲೆಕ್ಕ ಬರೆದವಳು, ಆ ಪುಸ್ತಕ ತರೋಕೆ ಹೇಳ್ತೀನಿ. ನಾಲ್ಕು. ಮುದ್ದೆ, ಸೊಪ್ಪಿನ ಸಾರು ನನ್ನದು.

ಮಂಡಕ್ಕಿ ಭಟ್ಟಿ:

ನಾನು ಯಾವ ಐದರಲ್ಲೂ ಇಲ್ಲ. ಮೂಲೆಯಲ್ಲಿ ಕೂತು ಕಡತ ನೋಡಬಹುದಾ? ಮಾತಾಡಲ್ಲ.

ಅವರ ಊರಿನವನು:

ಈಗ ಹೋಗಿ ಕೇಳಿ ಬಂದೆ. ಬರಲಿ ಅಂದರು. ಪೆನ್ನು, ನೋಟ್‌ಬುಕ್ ತರಬೇಕಂತೆ. ಗೇಜ್ ಓದೋದು ಕಲಿಸ್ತಾರಂತೆ, ಅದಕ್ಕೆ ಶನಿವಾರ ರಾತ್ರಿಯೇ ಬಂದು ನಮ್ಮ ಮನೆಯಲ್ಲಿ ಮಲಗು, ಬೆಳಗ್ಗೆ ಐದೂವರೆಗೆ ಹೊರಡಬೇಕು.

ಅಚ್ಚುಕಟ್ಟಿನ ರೈತ:

ಹೊಸದುರ್ಗದಿಂದ ಇನ್ನೊಬ್ಬರು ಬೇಕು. ಯಾರಿದ್ದೀರಿ?